ಬಣ್ಣ ಇರುವುದೆಲ್ಲಿ?

ಹುಲ್ಲಿನ ಹಸಿರು ಹುಲ್ಲಿನಲ್ಲಿದೆಯೋ, ನೋಡುವವರ ಕಣ್ಣಿನಲ್ಲಿದೆಯೋ? ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ವಸ್ತುಗಳ ಗುಣಗಳನ್ನು ಎರಡಾಗಿ ವಿಂಗಡಿಸಿದ. ಆಕಾರ, ಗಾತ್ರ, ಚಲನೆ ಪ್ರಾಥಮಿಕ ಗುಣಗಳು. ಯಾರೂ ನೋಡದಿದ್ದರೂ ಅವು ವಸ್ತುವಿನಲ್ಲಿ ಇದ್ದೇ ಇರುತ್ತವೆ. ಬಣ್ಣ, ರುಚಿ, ವಾಸನೆ ದ್ವಿತೀಯಕ ಗುಣಗಳು. ನಮ್ಮಲ್ಲಿ ಆ ಅನುಭವವನ್ನು ಹುಟ್ಟಿಸುವ ಶಕ್ತಿಯಷ್ಟೇ ವಸ್ತುವಿನಲ್ಲಿರುತ್ತದೆ. ಹಾಗಾದರೆ ಬಣ್ಣ ಬರೀ ಭ್ರಮೆಯೇ?

ಈ ಪ್ರಶ್ನೆಯನ್ನು ಹೊತ್ತು ಫ್ರೆಂಚ್ ಕಲಾವಿದ ಜಾರ್ಜ್ ಸೂರಾನ ಒಂದು ಚಿತ್ರವನ್ನು ನೋಡೋಣ. 1884ರಿಂದ 1886ರವರೆಗೆ ಅವನು ಬರೆದ ‘ಗ್ರಾಂದ್ ಜಾತ್ ದ್ವೀಪದಲ್ಲಿ ಒಂದು ಭಾನುವಾರ’ ಈಗ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಸುಮಾರು 2 ಮೀಟರ್ ಎತ್ತರ, 3 ಮೀಟರ್ ಅಗಲದ ಕ್ಯಾನ್ವಾಸಿನ ಮೇಲೆ ಪ್ಯಾರಿಸ್ ಬಳಿಯ ಸೇನ್ ನದಿಯ ನಡುಗಡ್ಡೆ. ರಜೆ ಕಳೆಯಲು ಬಂದ ಜನ. ಕೊಡೆ ಹಿಡಿದ ಹೆಂಗಸರು, ಪೈಪ್ ಸೇದುತ್ತ ಒರಗಿರುವ ಗಂಡಸು, ಓಡುವ ಹುಡುಗಿ. ದೂರದಿಂದ ಹುಲ್ಲು ಬಿಸಿಲಿಗೆ ಬೆಳಗುತ್ತದೆ. ಹತ್ತಿರ ಹೋದರೆ ಹಸಿರಿನ ಮೇಲೆ ಹಳದಿ, ಕಿತ್ತಳೆ ಚುಕ್ಕೆಗಳು, ನೆರಳಿನಲ್ಲಿ ನೀಲಿ.

ಸೂರಾ ಓದಿಕೊಂಡಿದ್ದವರಲ್ಲಿ ರಸಾಯನಶಾಸ್ತ್ರಜ್ಞ ಶೆವ್ರಲ್ ಒಬ್ಬ. ಪ್ಯಾರಿಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಶೆವ್ರಲ್‌ನ ಉಸ್ತುವಾರಿಯಲ್ಲಿತ್ತು. ಅಲ್ಲಿಯ ಕಪ್ಪು ನೂಲು ಮಂಕಾಗಿ ಕಾಣುತ್ತದೆಂಬ ದೂರು ಬಂದಾಗ ಅವನು ಪರೀಕ್ಷಿಸಿದ. ನೂಲಿನ ಬಣ್ಣ ಸರಿಯಾಗಿಯೇ ಇತ್ತು. ಪಕ್ಕದ ನೂಲುಗಳ ಬಣ್ಣ ಅದನ್ನು ಮಂಕಾಗಿಸಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂಬ ಈ ನಿಯಮವನ್ನು 1839ರಲ್ಲಿ ಪ್ರಕಟಿಸಿದ. ಹಸಿರಿನ ಮಗ್ಗುಲಿಗೆ ಕಿತ್ತಳೆ ಇಟ್ಟು ಸೂರಾ ಬಿಸಿಲನ್ನು ಕಟ್ಟಿದ್ದು ಇಂಥ ತಿಳಿವಳಿಕೆಯಿಂದಲೇ.

ಇಷ್ಟರಿಂದ ಬಣ್ಣವೆಲ್ಲ ನೋಟದ ಸೃಷ್ಟಿ ಎನ್ನಬಹುದಿತ್ತು. ಆದರೆ ಅದೇ ಚಿತ್ರ ಆ ಮಾತನ್ನೂ ತಡೆಯುತ್ತದೆ. ಸೂರಾ ಬಳಸಿದ ಸತುವಿನ ಹಳದಿ ಕೆಲವೇ ವರ್ಷಗಳಲ್ಲಿ ಕಂದಿತು. ಬಿಸಿಲಿನ ಚುಕ್ಕೆಗಳು ಕಂದು ಬಣ್ಣಕ್ಕೆ ತಿರುಗಿದವು. ನೋಡುವ ಕಣ್ಣು ಅದೇ, ಬದಲಾದದ್ದು ವಸ್ತು. ಲಾಕ್ ಹೇಳಿದ ‘ಶಕ್ತಿ’ ವಸ್ತುವಿನ ರಚನೆಗೆ ಕಟ್ಟುಬಿದ್ದದ್ದು ಎಂಬುದಕ್ಕೆ ಆ ಹುಲ್ಲುಹಾಸೇ ಸಾಕ್ಷಿ.

ಹಾಗಾಗಿ ಬಣ್ಣವನ್ನು ಒಂದು ಸಂಬಂಧವೆಂದು ತಿಳಿಯುವುದೇ ಸರಿ. ವಸ್ತು, ಬೆಳಕು, ನೆರೆಯ ಬಣ್ಣ, ಕಣ್ಣು ಎಲ್ಲ ಸೇರಿದಾಗಲೇ ಅದು ಹುಟ್ಟುತ್ತದೆ. ಒಂದು ಬದಲಾದರೂ ತಾನೂ ಬದಲಾಗುತ್ತದೆ. ಸಂಬಂಧದಲ್ಲಿ ಹುಟ್ಟಿದ್ದು ಎಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಒಂದೇ ವಸ್ತು ಇಬ್ಬರಿಗೆ ಬೇರೆ ಬೇರೆಯಾಗಿ ಕಂಡಾಗ ಯಾರದು ತಪ್ಪೆಂದು ಕೇಳುವ ಮೊದಲು, ಯಾವ ಬೆಳಕಿನಲ್ಲಿ, ಯಾವುದರ ಪಕ್ಕದಲ್ಲಿ, ಎಷ್ಟು ದೂರದಿಂದ ಕಂಡಿತೆಂದು ಕೇಳಬೇಕು.