ಹುಡುಕುವವರ ಬಾಯಲ್ಲಿರುವ ಪದ

ಮೆಕ್ಕೆಜೋಳದ ಸುಳಿಯೊಳಗೆ ಕೂತು ತಿನ್ನುವ ಹುಳುವೊಂದಿದೆ. 2018ರ ಮೇ ತಿಂಗಳಲ್ಲಿ ಅದು ಶಿವಮೊಗ್ಗ ಭಾಗದ ಹೊಲಗಳಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ವಿಜ್ಞಾನಿಗಳು ಅದನ್ನು ಸ್ಪೊಡಾಪ್ಟೆರಾ ಫ್ರುಜಿಪರ್ಡಾ ಎಂದು ಗುರುತಿಸಿದರು. ಕಾಗದಪತ್ರಗಳಲ್ಲಿ ಅದು ‘ಫಾಲ್ ಸೈನಿಕ ಹುಳು’ ಆಯಿತು. ರೈತರು ಲದ್ದಿ ಹುಳು ಅಂದರು, ಸುಳಿ ತಿನ್ನೋ ಹುಳ ಅಂದರು. ಬೆಳೆಗೂ ಒಂದೇ ಹೆಸರಿಲ್ಲ: ದಾವಣಗೆರೆ ಕಡೆ ಮೆಕ್ಕೆಜೋಳ, ಹಾವೇರಿ ಧಾರವಾಡದ ಕಡೆ ಗೋವಿನಜೋಳ, ಹಳೇ ಮೈಸೂರಿನಲ್ಲಿ ಮುಸುಕಿನ ಜೋಳ. ಎಲೆ ತೂತು ಬಿದ್ದದ್ದನ್ನು ಕಂಡವರು ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಹುಡುಕುವಾಗ ಇವುಗಳಲ್ಲಿ ತಮ್ಮ ಬಾಯಿಗೆ ಬರುವ ಪದವನ್ನು ಒತ್ತುತ್ತಾರೆ. ಕೆಲವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಕೆಲವರು ಬರೆಯುವ ಗೋಜಿಗೇ ಹೋಗದೆ ಮೈಕ್ ಒತ್ತಿ ಮಾತಾಡಿಬಿಡುತ್ತಾರೆ.

ಆನ್‌ಲೈನ್ ಬರವಣಿಗೆಯವರು ಕೀವರ್ಡ್ ಎನ್ನುವುದು ಈ ಪದಗಳಿಗೇ. ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ, ಅದನ್ನು ತಲೆಬರಹದಲ್ಲಿ ಎಲ್ಲಿಡಬೇಕು, ಲೇಖನದಲ್ಲಿ ಎಷ್ಟು ಸಲ ತರಬೇಕು ಎಂಬುದನ್ನೆಲ್ಲ ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ ವಿದ್ಯೆಯ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಆ ತಿಳಿವಳಿಕೆ ಬೇಕಾದದ್ದೇ. ಆದರೆ ಅದಕ್ಕೂ ಮೊದಲು ನೆನಪಿಡಬೇಕಾದ ಮಾತೊಂದಿದೆ. ಆ ಪದವನ್ನು ಒತ್ತಿದವರಿಗೆ ಏನೋ ಒಂದು ತುರ್ತು ಇದೆ. ಅವರ ಪದವನ್ನು ತಲೆಬರಹದಲ್ಲಿಟ್ಟು ಅವರನ್ನು ಒಳಗೆ ಕರೆದವರು ಅವರ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಕೀವರ್ಡ್ ಬಳಕೆಗೆ ನಾನು ಒಪ್ಪುವ ನಿಯಮ ಇದೊಂದೇ.

ಈಗ ಆ ಜೋಳದ ಹುಳುವಿನ ಬಗ್ಗೆ ಹುಡುಕಿದವರಿಗೆ ಎಂಥ ಬರಹ ಸಿಗಬೇಕು? ಹುಳುವಿನ ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಗುರುತಿರುತ್ತದೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕಿಗಳಿರುತ್ತವೆ ಎಂದು ಅದು ಮೊದಲ ಪ್ಯಾರಾದಲ್ಲೇ ಹೇಳಬೇಕು. ಮೊಟ್ಟೆಗಳು ಎಲೆಯ ಮೇಲೆ ಗುಂಪುಗುಂಪಾಗಿರುತ್ತವೆ, ಕಂಡ ಕೂಡಲೇ ಕಿತ್ತು ನಾಶ ಮಾಡಬಹುದು ಎನ್ನಬೇಕು. ಹುಳು ಸುಳಿಯೊಳಗೆ ಅಡಗಿ ಕೂರುವುದರಿಂದ ಎಲೆಯ ಮೇಲೆ ಔಷಧಿ ಹೊಡೆದರೆ ಸಾಲದು, ಅದು ಸುಳಿಗೆ ಇಳಿಯಬೇಕು, ಅದಕ್ಕೆ ಬೆಳಗಿನ ಜಾವ ಇಲ್ಲವೇ ಸಂಜೆ ಸರಿಯಾದ ಹೊತ್ತು ಎಂದು ತಿಳಿಸಬೇಕು. ಇಷ್ಟು ಹೇಳಿದ ಬರಹದಲ್ಲಿ ಮೆಕ್ಕೆಜೋಳ, ಹುಳು, ಸುಳಿ, ಔಷಧಿ ಎಂಬ ಪದಗಳು ಬೇಡವೆಂದರೂ ಬಂದೇ ಬರುತ್ತವೆ. ಯಾರೂ ಅವನ್ನು ಎಣಿಸಿ ತುರುಕಬೇಕಾಗಿಲ್ಲ. ಬರೆಯುವವರು ಬೇಕೆಂದೇ ಮಾಡಬೇಕಾದ ಕೆಲಸ ಒಂದೇ. ಎರಡನೇ ಪ್ಯಾರಾದ ಒಳಗೆ ಒಂದು ಸಲ ‘ಗೋವಿನಜೋಳ, ಮುಸುಕಿನ ಜೋಳ ಎಂದೂ ಕರೆಯುವ’ ಎಂದು ಸೇರಿಸಿಬಿಟ್ಟರೆ ಮೂರೂ ಕಡೆಯ ಓದುಗರು ಅದೇ ಬರಹಕ್ಕೆ ಬರಬಹುದು.

ಮಾರಾಟಕ್ಕಾಗಿ ಬರೆಸಿದ ಲೇಖನಗಳು ಎಡವುವುದು ಇಲ್ಲೇ. ‘ಮೆಕ್ಕೆಜೋಳದ ಹುಳುವಿಗೆ ಉತ್ತಮ ಔಷಧಿ ಹುಡುಕುತ್ತಿದ್ದೀರಾ? ಮೆಕ್ಕೆಜೋಳದ ಹುಳುವಿಗೆ ಉತ್ತಮ ಔಷಧಿ ಬಹಳ ಮುಖ್ಯ. ಮೆಕ್ಕೆಜೋಳದ ಹುಳುವಿಗೆ ಉತ್ತಮ ಔಷಧಿ ಆಯ್ಕೆ ಮಾಡುವಾಗ…’ ಎಂದು ಮೂರು ವಾಕ್ಯ ಕಳೆಯುತ್ತದೆ. ಓದುವವರಿಗೆ ಅಲ್ಲಿಯವರೆಗೆ ಏನೂ ಸಿಕ್ಕಿರುವುದಿಲ್ಲ. ಕೊನೆಗೆ ಸಿಗುವುದು ಒಂದು ಡಬ್ಬಿಯ ಹೆಸರು. ಔಷಧಿ ಮಾರುವುದು ತಪ್ಪಲ್ಲ, ಮಾರುವವರು ಲೇಖನ ಬರೆಸುವುದೂ ತಪ್ಪಲ್ಲ. ಹುಳುವನ್ನು ಗುರುತಿಸುವುದು ಹೇಗೆಂದು ಸರಿಯಾಗಿ ಹೇಳಿಕೊಟ್ಟ ಕಂಪನಿಯ ಹೆಸರನ್ನು ರೈತ ನೆನಪಿಟ್ಟುಕೊಳ್ಳುತ್ತಾನೆ. ಲೇಖನ ಬರೆಸುವುದಕ್ಕೆ ಖರ್ಚು ಮಾಡಿದ ಹಣ ಹಿಂದಕ್ಕೆ ಬರುವ ದಾರಿಯೂ ಅದೇ.

ಇದಕ್ಕಿಂತ ನೋವಿನ ಸಂಗತಿ ಸರ್ಕಾರಿ ಯೋಜನೆಗಳ ಹೆಸರಿನಲ್ಲಿ ನಡೆಯುತ್ತಿದೆ. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಹಣ ತಡವಾದಾಗ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಕೇಳುವುದು ಒಂದೇ ಮಾತು, ಗೃಹಲಕ್ಷ್ಮಿ ಹಣ ಯಾವಾಗ ಬರುತ್ತೆ? ಈ ಪದಗಳ ಬೆನ್ನು ಹತ್ತಿಯೇ ಬದುಕುವ ತಾಣಗಳು ಹುಟ್ಟಿಕೊಂಡಿವೆ. ‘ಗೃಹಲಕ್ಷ್ಮಿ ಹಣ ಜಮೆ! ಈಗಲೇ ಚೆಕ್ ಮಾಡಿ’ ಎಂಬ ತಲೆಬರಹ. ಒಳಗೆ ಹೋದರೆ ಯೋಜನೆ ಯಾವಾಗ ಶುರುವಾಯಿತು, ಯಾರು ಅರ್ಹರು ಎಂಬ ಹಳೆಯ ಸಂಗತಿಗಳು, ಸಾಲುಸಾಲು ಜಾಹೀರಾತು, ಕೊನೆಗೆ ‘ನಮ್ಮ ವಾಟ್ಸ್ಆ್ಯಪ್ ಗ್ರೂಪ್ ಸೇರಿ’. ಯಾವ ಕಂತು, ಯಾವ ದಿನ, ಯಾರು ಹೇಳಿದ್ದು ಎಂಬುದಕ್ಕೆ ಒಂದು ಸಾಲೂ ಇಲ್ಲ. ಕೀವರ್ಡ್ ಆಯ್ಕೆಯಲ್ಲಿ ಅವರನ್ನು ಮೀರಿಸುವವರಿಲ್ಲ. ತಲೆಬರಹ ಪಕ್ಕಾ ಜನರ ಮಾತಿನಲ್ಲೇ ಇರುತ್ತದೆ. ಎರಡು ಸಾವಿರಕ್ಕಾಗಿ ಕಾಯುತ್ತಿರುವವಳ ಆತಂಕವನ್ನು ಕ್ಲಿಕ್ಕಾಗಿಸಿ ಮಾರುವುದು ಮೋಸ. ಅದಕ್ಕೆ ಬೇರೆ ಹೆಸರು ಕೊಡಲು ನನಗೆ ಮನಸ್ಸಿಲ್ಲ.

ಗೂಗಲ್ ಈ ಚಾಳಿಗಳನ್ನು ಇವತ್ತು ಕಂಡದ್ದಲ್ಲ. ಮೊದಮೊದಲು ಪುಟದ ತಲೆಭಾಗದಲ್ಲಿ, ಓದುಗರಿಗೆ ಕಾಣದ ಹಾಗೆ, ಕೀವರ್ಡ್‌ಗಳ ಪಟ್ಟಿ ಇಡುವ ಪದ್ಧತಿಯಿತ್ತು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಅದೇ ಪದವನ್ನು ಸಾಲುಸಾಲಾಗಿ ತುಂಬಿದವರೂ ಇದ್ದರು. ಆ ಕಾಣದ ಪಟ್ಟಿಯನ್ನು ರ್‍ಯಾಂಕಿಂಗ್‌ಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿತು. 2011ರ ಫೆಬ್ರುವರಿಯಲ್ಲಿ ಅದರ ಹುಡುಕಾಟದ ಕ್ರಮದಲ್ಲಿ ಪಾಂಡಾ ಎಂಬ ಬದಲಾವಣೆ ಬಂತು. ಕೀವರ್ಡ್ ನೋಡಿಕೊಂಡು ರಾಶಿರಾಶಿ ತೆಳು ಲೇಖನ ಸುರಿಯುತ್ತಿದ್ದ ತಾಣಗಳು, ಲೇಖನ ಭಂಡಾರಗಳು ಒಮ್ಮೆಲೇ ಕೆಳಗೆ ಬಿದ್ದವು. ಮರುವರ್ಷ ಏಪ್ರಿಲ್‌ನಲ್ಲಿ ಪೆಂಗ್ವಿನ್ ಬಂತು, ಲಿಂಕುಗಳ ಕೃತಕ ಜಾಲಕ್ಕೆ ಪೆಟ್ಟು ಬಿತ್ತು. 2013ರಲ್ಲಿ ಪ್ರೆಸ್ ನೋಟ್‌ಗಳ ಸರದಿ. ಪ್ರಕಟಣೆಯೊಳಗೆ ಬೇಕಾದ ಕೀವರ್ಡ್‌ಗಳ ಮೇಲೆಲ್ಲ ತಮ್ಮ ಅಂಗಡಿಯ ಲಿಂಕ್ ಕಟ್ಟಿ ಹತ್ತಾರು ತಾಣಗಳಿಗೆ ಹಂಚುವುದನ್ನು ಕೃತಕ ಲಿಂಕ್ ಎಂದೇ ಎಣಿಸುತ್ತೇವೆ ಎಂದು ಗೂಗಲ್ ತನ್ನ ನಿಯಮದಲ್ಲಿ ಬರೆಯಿತು. 2019ರ ಕೊನೆಯಲ್ಲಿ ಬರ್ಟ್ ಎಂಬ ತಂತ್ರಜ್ಞಾನ 70ಕ್ಕೂ ಹೆಚ್ಚು ಭಾಷೆಗಳ ಹುಡುಕಾಟಕ್ಕೆ ವಿಸ್ತರಿಸಿತು. ಬಿಡಿ ಪದವನ್ನು ಹೊಂದಿಸುವುದರ ಜತೆಗೆ ಇಡೀ ವಾಕ್ಯದ ಆಶಯ ಹಿಡಿಯುವುದು ಅದರ ಕೆಲಸ. ಇಷ್ಟಾದರೂ ಕನ್ನಡದಲ್ಲಿ ತೆಳು ಬರಹ ಮೇಲೆ ತೇಲುತ್ತಿದೆ ಎಂದರೆ ಅದಕ್ಕೆ ಒಂದು ಕಾರಣ, ಅದನ್ನು ಕೆಳಗೆ ತಳ್ಳುವಷ್ಟು ಒಳ್ಳೆಯ ಬರಹ ಅದೇ ಪದಗಳಲ್ಲಿ ಇಲ್ಲದಿರುವುದು.

ಒಳ್ಳೆಯ ಮಾಹಿತಿ ಇರುವುದು ಇಲಾಖೆಗಳ, ವಿಶ್ವವಿದ್ಯಾಲಯಗಳ, ಸಹಕಾರ ಸಂಘಗಳ ಕೈಯಲ್ಲಿ. ಅದು ಹೊರಗೆ ಬರುವುದು ಪ್ರೆಸ್ ನೋಟಿನ ರೂಪದಲ್ಲಿ. ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಗೆಲ್ಲ ಆ ನೋಟಿನ ಮುಖ ಗೊತ್ತು. ಮೇಲೆ ‘ಪ್ರಕಟಣೆಯ ಕೃಪೆಗಾಗಿ’. ಅದರ ಕೆಳಗೆ ದಪ್ಪಕ್ಷರದಲ್ಲಿ ‘ಅರ್ಜಿ ಆಹ್ವಾನ’. ಯಾವುದಕ್ಕೆ ಅರ್ಜಿ, ಯಾರು ಹಾಕಬೇಕು, ಯಾವ ತಾಲ್ಲೂಕು ಎಂಬುದು ತಲೆಬರಹದಲ್ಲಿ ಇರುವುದಿಲ್ಲ. ಮೊದಲ ವಾಕ್ಯ ಹೀಗೆ ಸಾಗುತ್ತದೆ: ‘ಪ್ರಸಕ್ತ ಸಾಲಿನಲ್ಲಿ ಸೂಕ್ಷ್ಮ ನೀರಾವರಿ ಯೋಜನೆಯಡಿ ಅರ್ಹ ಫಲಾನುಭವಿಗಳಿಗೆ ಸಹಾಯಧನ ಸೌಲಭ್ಯ ಕಲ್ಪಿಸಲು ಉದ್ದೇಶಿಸಲಾಗಿದ್ದು, ಆಸಕ್ತ ರೈತ ಬಾಂಧವರು ಅಗತ್ಯ ದಾಖಲಾತಿಗಳೊಂದಿಗೆ…’

ಇದರಲ್ಲಿ ಒಂದು ಪದವೂ ತಪ್ಪಿಲ್ಲ. ಆದರೆ ಇದನ್ನು ಯಾರು ಹುಡುಕಿಯಾರು? ಊರಿನಲ್ಲಿ ಜನ ಕೇಳುವುದು ‘ಡ್ರಿಪ್ ಸಬ್ಸಿಡಿ ಬಂದಿದೆಯಾ?’, ‘ಸ್ಪ್ರಿಂಕ್ಲರ್ ಪೈಪು ಕೊಡ್ತಾ ಇದ್ದಾರಾ?’ ಎಂದು. ನೋಟಿನಲ್ಲಿ ಡ್ರಿಪ್ ಇಲ್ಲ, ಸಬ್ಸಿಡಿ ಇಲ್ಲ, ಸ್ಪ್ರಿಂಕ್ಲರ್ ಇಲ್ಲ. ಅದೇ ನೋಟನ್ನು ಹೀಗೆ ಬರೆಯಬಹುದು. ತಲೆಬರಹ: ‘ಡ್ರಿಪ್, ಸ್ಪ್ರಿಂಕ್ಲರ್ ಸಬ್ಸಿಡಿಗೆ ಅರ್ಜಿ’. ಪಕ್ಕದಲ್ಲೇ ತಾಲ್ಲೂಕಿನ ಹೆಸರು, ಕೊನೆಯ ದಿನ. ಮೊದಲ ವಾಕ್ಯ: ‘ಹನಿ ನೀರಾವರಿ (ಡ್ರಿಪ್) ಮತ್ತು ತುಂತುರು ನೀರಾವರಿ (ಸ್ಪ್ರಿಂಕ್ಲರ್) ಉಪಕರಣಗಳಿಗೆ ಸಬ್ಸಿಡಿ ಬೇಕಾದ ರೈತರು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಡಬಹುದು.’ ಯೋಜನೆಯ ಪೂರ್ತಿ ಹೆಸರು, ಆದೇಶದ ಸಂಖ್ಯೆ, ಅಧಿಕಾರಿಗಳ ಪದನಾಮ ಮೂರನೇ ಪ್ಯಾರಾದಲ್ಲಿ ಆರಾಮವಾಗಿ ಇರಲಿ. ಯಾರ ಗೌರವಕ್ಕೂ ಕುಂದು ಬರುವುದಿಲ್ಲ. ನೋಟು ಬೆಳಗಾವಿ, ವಿಜಯಪುರದ ಕಡೆ ಹೋಗುವುದಾದರೆ ಪಹಣಿಯ ಪಕ್ಕ ಉತಾರ ಎಂಬುದನ್ನೂ ಸೇರಿಸಬೇಕು. ಪಹಣಿಯನ್ನು ಅಲ್ಲಿನವರು ಕೇಳುವುದು ಉತಾರ ಎಂದೇ.

ಖಾಸಗಿ ಸಂಸ್ಥೆಗಳ ಪ್ರೆಸ್ ನೋಟಿನಲ್ಲಿ ರೋಗ ಬೇರೆ. ಅಲ್ಲಿ ‘ನವೀನ’, ‘ವಿಶ್ವದರ್ಜೆಯ’, ‘ಮುಂಚೂಣಿಯ’ ಎಂಬ ಪದಗಳೇ ಮೊದಲ ಪ್ಯಾರಾ ತುಂಬುತ್ತವೆ. ಇವನ್ನು ಯಾವ ಗ್ರಾಹಕನೂ ಹುಡುಕುವುದಿಲ್ಲ, ಉಪಸಂಪಾದಕರು ಮೊದಲು ಹೊಡೆದು ಹಾಕುವುದೂ ಇವನ್ನೇ. ಹೊಸ ಹಲ್ಲಿನ ಆಸ್ಪತ್ರೆ ಯಾವ ಬಡಾವಣೆಯಲ್ಲಿ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ರೂಟ್ ಕೆನಾಲ್‌ಗೆ ಎಷ್ಟಾಗುತ್ತದೆ ಎಂದು ಬರೆದರೆ ಸುದ್ದಿಯೂ ಆದೀತು, ಹುಡುಕಿದವರಿಗೂ ಸಿಕ್ಕೀತು.

ಪ್ರೆಸ್ ನೋಟಿನ ಇತಿಹಾಸ ಹೇಳುವವರು ಸಾಮಾನ್ಯವಾಗಿ 1906ರ ಅಕ್ಟೋಬರ್‌ನಿಂದ ಶುರು ಮಾಡುತ್ತಾರೆ. ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಕಂಪನಿಯ ಪ್ರಚಾರದ ಹೊಣೆ ಹೊತ್ತಿದ್ದ ಐವಿ ಲೀ ಸುದ್ದಿ ಮುಚ್ಚಿಡಲಿಲ್ಲ. ಏನಾಯಿತು ಎಂಬುದನ್ನು ಕಂಪನಿಯ ಕಡೆಯಿಂದಲೇ ಬರೆದು ಪತ್ರಕರ್ತರಿಗೆ ಕೊಟ್ಟರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದ ಹಾಗೇ ಅಚ್ಚು ಹಾಕಿತು. ಜನ ಆ ದಿನ ತಿಳಿಯಲು ಬಯಸಿದ್ದನ್ನು ಆ ದಿನವೇ ತಿಳಿಸುವುದು, ಪ್ರೆಸ್ ನೋಟ್ ಹುಟ್ಟಿದ್ದು ಈ ಕೆಲಸಕ್ಕೆ. ಕೀವರ್ಡ್‌ಗಳ ಚೀಲ ಮಾಡುವುದಕ್ಕೆ ಅದನ್ನು ಬಳಸಿಕೊಂಡದ್ದು ಎಷ್ಟೋ ವರ್ಷ ಆದ ಮೇಲೆ.

ಸರಿಯಾದ ಪದ ಯಾವುದೆಂದು ತಿಳಿಯುವುದು ಹೇಗೆ? ಗೂಗಲ್ ಟ್ರೆಂಡ್ಸ್ ಇದೆ. ಹುಡುಕಾಟದ ಪೆಟ್ಟಿಗೆಯಲ್ಲಿ ಒಂದು ಪದ ಹಾಕಿದರೆ ಕೆಳಗೆ ಇಳಿದು ಬರುವ ಸಾಲುಗಳಿವೆ. ಸ್ವಂತ ತಾಣವಿದ್ದರೆ ಸರ್ಚ್ ಕನ್ಸೋಲ್‌ನಲ್ಲಿ ಜನ ಏನು ಹುಡುಕಿ ಬಂದರು ಎಂಬ ಪಟ್ಟಿ ಸಿಗುತ್ತದೆ. ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಆದರೆ ಕನ್ನಡದ ಮಟ್ಟಿಗೆ ನಾನು ಹೆಚ್ಚು ನಂಬುವುದು ಕೌಂಟರಿನಲ್ಲಿ ಕೂತವರನ್ನು. ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ, ಗ್ರಾಮ ಒನ್ ನಡೆಸುವವರು, ಗೊಬ್ಬರದ ಅಂಗಡಿಯವರು, ಆಶಾ ಕಾರ್ಯಕರ್ತೆಯರು ಜನರ ಪ್ರಶ್ನೆಗಳನ್ನು ಜನರ ಮಾತಿನಲ್ಲೇ ದಿನವಿಡೀ ಕೇಳುತ್ತಾರೆ. ‘ಈ ವಾರ ಜನ ಏನು ಕೇಳಿಕೊಂಡು ಬಂದರು, ಯಾವ ಮಾತಿನಲ್ಲಿ ಕೇಳಿದರು?’ ಎಂದು ನೋಟು ಬರೆಯುವವರು ಇವರಿಗೊಂದು ಫೋನ್ ಮಾಡಿದರೆ ಸಿಗುವ ಕೀವರ್ಡ್‌ಗಳನ್ನು ಯಾವ ಸಾಫ್ಟ್‌ವೇರೂ ಕೊಡಲಾರದು. ಪದಕ್ಕೆ ಹತ್ತುವ ವಿಭಕ್ತಿಯ ಚಿಂತೆಯೂ ಬೇಡ. ‘ಬೆಳೆ ವಿಮೆ’, ‘ಬೆಳೆ ವಿಮೆಗೆ’, ‘ಬೆಳೆ ವಿಮೆಯ’ ಎಂದು ಸಹಜವಾಗಿ ಬರೆಯುತ್ತ ಹೋಗಿ. ಒಂದೇ ರೂಪವನ್ನು ಹಟದಿಂದ ಉಳಿಸಿಕೊಳ್ಳಲು ಹೋಗಿ ವಾಕ್ಯ ಮುರಿಯುವುದು ಕನ್ನಡಕ್ಕೆ ಒಗ್ಗದ ಕೆಲಸ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎಷ್ಟು ಒಳ್ಳೆಯ ಪದ ಆರಿಸಿದರೂ ಅದು ಓದಿಸಿಕೊಳ್ಳುವ ರೂಪದಲ್ಲಿ ಇಲ್ಲದಿದ್ದರೆ ವ್ಯರ್ಥ. ನಮ್ಮಲ್ಲಿ ಎಷ್ಟೋ ನೋಟುಗಳು ಇವತ್ತಿಗೂ ಹಳೆಯ ನುಡಿ ಫಾಂಟಿನಲ್ಲಿ ಟೈಪಾಗುತ್ತವೆ. ಅದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಅಂಥ ಕಡತವನ್ನು ತಾಣಕ್ಕೆ ಏರಿಸಿದರೆ ‘ಬೆಳೆ ವಿಮೆ’ ಎಂದು ಹುಡುಕಿದವರಿಗೆ ಅದು ಸಿಗುವ ಭರವಸೆಯಿಲ್ಲ. ಕೆಲವರು ನೋಟನ್ನು ಮುದ್ರಿಸಿ, ಸಹಿ ಮೊಹರು ಹಾಕಿ, ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಬಿಡುತ್ತಾರೆ. ವರದಿಗಾರರು ಅದನ್ನು ಮತ್ತೆ ಟೈಪ್ ಮಾಡಬೇಕು. ಸಮಯವಿಲ್ಲದ ದಿನ ಅದು ಹಾಗೇ ಬಿದ್ದುಹೋಗುತ್ತದೆ. ಆ ಜಾಗಕ್ಕೆ ಬಂದು ಕೂರುವುದು ಮೇಲೆ ಹೇಳಿದ ಕ್ಲಿಕ್ ವ್ಯಾಪಾರಿಗಳ ಬರಹ. ನುಡಿಯ ಈಚಿನ ಆವೃತ್ತಿಗಳಲ್ಲೇ ಕಂಪ್ಯೂಟರಿಗೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಇದೆ, ಮೊಬೈಲಿನ ಕೀಲಿಮಣೆಗಳೆಲ್ಲ ಯೂನಿಕೋಡ್‌ನಲ್ಲೇ ಬರೆಯುತ್ತವೆ. ಹೊಸದಾಗಿ ಖರೀದಿ ಮಾಡಬೇಕಾದದ್ದು ಏನೂ ಇಲ್ಲ.

ಪ್ರೆಸ್ ನೋಟ್ ಬರೆಯುವ ಅಧಿಕಾರಿಗಳಲ್ಲಿ, ಸಂಸ್ಥೆಗಳಲ್ಲಿ ನನ್ನ ಕೋರಿಕೆ ಇಷ್ಟು: ಇವತ್ತು ಕಳಿಸುವ ನೋಟಿನ ತಲೆಬರಹದಿಂದ ‘ಅರ್ಜಿ ಆಹ್ವಾನ’ ತೆಗೆದು, ಯಾವುದರ ಅರ್ಜಿ ಎಂಬುದನ್ನು ಜನ ಕೇಳುವ ಮಾತಿನಲ್ಲೇ ಬರೆಯಿರಿ. ಕೊನೆಯ ದಿನವನ್ನು ಮೊದಲ ಪ್ಯಾರಾಕ್ಕೆ ತನ್ನಿ. ಫೋಟೊದ ಜತೆಗೆ ಯೂನಿಕೋಡ್ ಪಠ್ಯವನ್ನೂ ಕಳಿಸಿ, ನಿಮ್ಮ ತಾಣದಲ್ಲಿ ಅದೇ ದಿನ ಹಾಕಿ.