ಸುವಾರ್ತೆಯೊಳಗಿನ ವಾರ್ತೆ
ಭಾನುವಾರದ ಸಂದೇಶ
ವಾಕ್ಯಭಾಗ: ಕೊಲೊಸ್ಸೆಯವರಿಗೆ 4:7–9, ಅಪೊಸ್ತಲರ ಕೃತ್ಯಗಳು 11:27–30

ಹಿಂದೆ ನಿಂತಿರೋ ತಮ್ಮಂದಿರೇ, ಮುಂದೆ ಕುರ್ಚಿ ಖಾಲಿ ಇವೆ, ಬನ್ನಿ. ಸಂಕೋಚ ಬೇಡ.

ನಮ್ಮ ಆರಾಧನೆಯಲ್ಲಿ ಪ್ರತಿ ವಾರ ಒಂದು ಏಳು ನಿಮಿಷ ಇದೆ. ವರ್ಷಿಪ್ ಮುಗಿದ ಮೇಲೆ, ವಾಕ್ಯ ಶುರುವಾಗೋ ಮುಂಚೆ. ಆಗ ಏನಾಗುತ್ತೆ ಅಂತ ಪುಲ್ಪಿಟ್ ಪಕ್ಕ ನಿಂತವರಿಗೆ ಚೆನ್ನಾಗಿ ಕಾಣುತ್ತೆ. ಹಾಡುವಾಗ ಮೇಲೆ ಎದ್ದಿದ್ದ ಕೈಗಳೆಲ್ಲ ಜೇಬಿಗೆ ಹೋಗುತ್ತವೆ, ಫೋನ್ ಹೊರಗೆ ಬರುತ್ತೆ. ನಾಲ್ಕು ಜನ ನೀರು ಕುಡಿಯೋಕೆ ಎದ್ದು ಹೋಗ್ತಾರೆ. ಕೀಬೋರ್ಡ್ ತಮ್ಮ ವೈರ್ ಸರಿಮಾಡ್ತಾನೆ. ಮನೆಯಲ್ಲಿ ಯೂಟ್ಯೂಬ್‌ನಲ್ಲಿ ನೋಡೋರು ಅಷ್ಟು ಭಾಗ ಮುಂದಕ್ಕೆ ಓಡಿಸ್ತಾರೆ. ಯಾಕಂದ್ರೆ ಅದು ಪ್ರಕಟಣೆ. ಬುಧವಾರ ಉಪವಾಸ ಪ್ರಾರ್ಥನೆ, ಶನಿವಾರ ಯೂತ್ ಮೀಟಿಂಗ್, ಇಂಥವರಿಗೆ ಹುಷಾರಿಲ್ಲ, ಇಂಥವರ ಮನೆಯಲ್ಲಿ ಸಾವಾಗಿದೆ. ನಮ್ಮ ಲೆಕ್ಕದಲ್ಲಿ ಆತ್ಮೀಕವಾದದ್ದು ಅದರ ಹಿಂದೆ ಇದೆ, ಅದರ ಮುಂದೆ ಇದೆ. ನಡುವೆ ಇರೋದು ಬರೀ ಇಂಟರ್ವಲ್.

ಇವತ್ತು ಆ ಏಳು ನಿಮಿಷದ ಬಗ್ಗೆಯೇ ವಾಕ್ಯ ನೋಡೋಣ.

ಮೊದಲು ಕೊಲೊಸ್ಸೆ ಪತ್ರಿಕೆ. ಮೊದಲ ಅಧ್ಯಾಯದಲ್ಲಿ ಪೌಲನು ಎಷ್ಟು ಎತ್ತರಕ್ಕೆ ಹೋಗ್ತಾನೆ ಗೊತ್ತಲ್ಲ? ಸಮಸ್ತವೂ ಕ್ರಿಸ್ತನ ಮೂಲಕ ಉಂಟಾಯಿತು, ಆತನೇ ಸಭೆಯ ಶಿರಸ್ಸು. ಅಂಥ ಪತ್ರದ ಕೊನೆಗೆ ಬನ್ನಿ. ನಾಲ್ಕನೇ ಅಧ್ಯಾಯ, ಏಳನೇ ವಚನ. ಇಲ್ಲಿ ತುಖಿಕ ಅನ್ನೋ ಸಹೋದರ ಬರ್ತಾನೆ. ಪೌಲನು ಸೆರೆಯಲ್ಲಿದ್ದಾನೆ. ತುಖಿಕನನ್ನು ಯಾಕೆ ಕಳಿಸ್ತಿದ್ದೇನೆ ಅನ್ನೋದಕ್ಕೆ ಅವನು ಕೊಡೋ ಕಾರಣ ಗಮನಿಸಿ: ನನ್ನ ಸಂಗತಿಯನ್ನೆಲ್ಲ ಇವನು ನಿಮಗೆ ತಿಳಿಸ್ತಾನೆ, ನಿಮ್ಮ ಹೃದಯಗಳಿಗೆ ಧೈರ್ಯ ಕೊಡ್ತಾನೆ. ಜೊತೆಗೆ ಒನೇಸಿಮನೂ ಹೋಗ್ತಾನೆ, ಇಬ್ಬರೂ ಸೇರಿ ಇಲ್ಲಿನ ಸಮಾಚಾರವನ್ನೆಲ್ಲ ಹೇಳ್ತಾರೆ. ಮೂರು ವಚನಗಳಲ್ಲಿ ಎರಡು ಸಲ ಇದೇ ಮಾತು. ಎಫೆಸದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲೂ ಅದೇ ತುಖಿಕ, ಅದೇ ಕೆಲಸ.

ತುಖಿಕನು ಪ್ರಸಂಗ ಮಾಡಿದ್ದು ಸತ್ಯವೇದದಲ್ಲಿ ಒಂದೂ ಇಲ್ಲ. ಅವನು ಸಮಾಚಾರ ಹೊತ್ತವನು. ಆದರೆ ಅವನನ್ನು ಪೌಲನು ಪ್ರಿಯ ಸಹೋದರ, ನಂಬಿಗಸ್ತ ಸೇವಕ ಅಂತ ಕರೀತಾನೆ. ಹಲ್ಲೆಲೂಯ! ಸುದ್ದಿ ತಲುಪಿಸೋದೂ ಸೇವೆ.

ಈಗ ರೋಮಾಪುರದವರಿಗೆ ಬರೆದ ಪತ್ರಿಕೆ, 16ನೇ ಅಧ್ಯಾಯ. ನಿಜ ಹೇಳಿ, ಬೈಬಲ್ ರೀಡಿಂಗ್ ಪ್ಲಾನ್‌ನಲ್ಲಿ ಈ ಅಧ್ಯಾಯ ಬಂದಾಗ ಎಷ್ಟು ಜನ ಬೇಗ ಬೇಗ ಓದಿ ಟಿಕ್ ಹಾಕ್ತೀರಿ? ಬರೀ ಹೆಸರುಗಳು. ನಾನು ಕೂತು ಎಣಿಸಿದೆ. ಪತ್ರ ತರುತ್ತಿರೋ ಫೊಯಿಬೆಯನ್ನು ಬಿಟ್ಟು, ಪೌಲನು ಹೆಸರು ಹಿಡಿದು ವಂದನೆ ಹೇಳೋದು 24 ಜನರಿಗೆ. ಹೆಸರು ಹೇಳದ ಇಬ್ಬರು ಹೆಂಗಸರೂ ಇದ್ದಾರೆ, ರೂಫನ ತಾಯಿ ಮತ್ತು ನೇರೆಯನ ತಂಗಿ. ಒಟ್ಟು 26. ಇದನ್ನು ಬರೆಯುವಾಗ ಪೌಲನು ರೋಮ್‌ಗೆ ಒಂದು ಸಲವೂ ಹೋಗಿರಲಿಲ್ಲ! ಬರಬೇಕು ಅಂತ ಎಷ್ಟೋ ಸಲ ಅಂದುಕೊಂಡೆ, ಆಗಲಿಲ್ಲ ಅಂತ ಅದೇ ಪತ್ರದಲ್ಲಿ ಬರೀತಾನೆ.

ಅವರಲ್ಲಿ ಕೆಲವರು ಬೇರೆ ಊರುಗಳಲ್ಲಿ ಪರಿಚಯ ಆದವರು, ಪ್ರಿಸ್ಕ ಮತ್ತು ಅಕ್ವಿಲರ ಹಾಗೆ. ಆದರೆ ಯಾರ ಮನೆಯಲ್ಲಿ ಸಭೆ ಕೂಡುತ್ತೆ, ಯಾರು ಕರ್ತನಿಗಾಗಿ ಬಹಳ ಕಷ್ಟಪಟ್ಟಿದ್ದಾರೆ, ಯಾರ ಜೊತೆ ಯಾರಿದ್ದಾರೆ, ಇದೆಲ್ಲ ಅವನಿಗೆ ಗೊತ್ತು. ಹೋಗದ ಊರಿನ ಸಭೆ ಅವನ ಬಾಯಲ್ಲಿ ಹೆಸರು ಹೆಸರಾಗಿ ಇದೆ. ನಾವು ಪ್ರತಿ ವಾರ ಬರೋ ಸಭೆಯಲ್ಲಿ, ಬಲಗಡೆ ಕೂತವರ ಹೆಸರೇನು? ಈಗ ಕೇಳಬೇಡಿ, ಆಮೇಲೆ ಕೇಳಿ.

ನಮ್ಮ ಕನ್ನಡದಲ್ಲಿ ಒಂದು ಚಂದದ ಪದ ಇದೆ: ಸುವಾರ್ತೆ. ಅದರ ಹೊಟ್ಟೆಯಲ್ಲೇ ವಾರ್ತೆ ಇದೆ. ಯೇಸುಸ್ವಾಮಿ ಸತ್ತು ಎದ್ದರು ಅನ್ನೋದು ನಡೆದ ಸಂಗತಿ, ಒಬ್ಬರು ಇನ್ನೊಬ್ಬರಿಗೆ ಓಡಿಹೋಗಿ ಹೇಳಿದ ಸುದ್ದಿ. ನಮ್ಮ ನಾಡಿನಲ್ಲೂ ಈ ಎರಡೂ ಜೊತೆಯಾಗಿ ನಡೆದಿವೆ. ಕನ್ನಡದ ಮೊದಲ ಪತ್ರಿಕೆ ಯಾವುದು? ಮಂಗಳೂರು ಸಮಾಚಾರ. 1843ರ ಜುಲೈ 1ರಂದು ಅದನ್ನು ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಸುವಾರ್ತೆ ಸಾರೋಕೆ ಬಂದ ಮಿಷನರಿ ಕಲ್ಲಚ್ಚಿನಲ್ಲಿ ಊರಿನ ವರ್ತಮಾನವನ್ನೂ ಅಚ್ಚು ಹಾಕಿಸಿದ. ಇವತ್ತಿಗೂ ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ. ಪಕ್ಕದ ಮನೆಯಲ್ಲಿ ಏನಾಗ್ತಿದೆ ಅಂತ ತಿಳಿಯೋದನ್ನು ಆ ದೇವಸೇವಕ ಲೋಕದ ವಿಷಯ ಅಂತ ತಳ್ಳಿಹಾಕಲಿಲ್ಲ.

ಈಗ ನಾವು ಪೆಂಟೆಕೋಸ್ತಲ್ ಜನ ಜಾಸ್ತಿ ಗಮನ ಕೊಡಬೇಕಾದ ಭಾಗಕ್ಕೆ ಬರೋಣ. ಅಪೊಸ್ತಲರ ಕೃತ್ಯಗಳು 11. 26ನೇ ವಚನದ ಪ್ರಕಾರ ಶಿಷ್ಯರಿಗೆ ಕ್ರೈಸ್ತರು ಅನ್ನೋ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿ. ಅದರ ಮರುವಚನದಲ್ಲಿ ಏನಿದೆ? ಯೆರೂಸಲೇಮಿನಿಂದ ಪ್ರವಾದಿಗಳು ಬರ್ತಾರೆ. ಅಗಬನು ಎದ್ದು ನಿಂತು ಪವಿತ್ರಾತ್ಮನ ಪ್ರೇರಣೆಯಿಂದ ಪ್ರವಾದಿಸ್ತಾನೆ. ಏನು ಪ್ರವಾದನೆ? ನಿನಗೆ ಪ್ರಮೋಷನ್ ಬರುತ್ತೆ, ನಿನ್ನ ವೀಸಾ ಆಗುತ್ತೆ, ಇದಾ? ಅಲ್ಲ. ದೊಡ್ಡ ಬರ ಬರುತ್ತೆ ಅಂತ. ಅದು ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಬಂತು ಅಂತ ಲೂಕನು ಬರೀತಾನೆ.

ಆ ಸಭೆ ಏನು ಮಾಡಿತು? ಆಮೆನ್ ಹೇಳಿ, ಚಪ್ಪಾಳೆ ತಟ್ಟಿ, ಮುಂದಿನ ಹಾಡಿಗೆ ಹೋಗಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಶಕ್ತ್ಯಾನುಸಾರ ಯೂದಾಯದ ಸಹೋದರರಿಗೆ ಸಹಾಯ ಕಳಿಸಬೇಕು ಅಂತ ನಿಶ್ಚಯ ಮಾಡಿದರು. ಬಾರ್ನಬ ಮತ್ತು ಸೌಲರ ಕೈಯಲ್ಲಿ ಹಿರಿಯರಿಗೆ ಕಳಿಸಿಯೂ ಬಿಟ್ಟರು. ಅಂದರೆ ಪವಿತ್ರಾತ್ಮನು ಕೊಟ್ಟದ್ದೇ ಒಂದು ಪ್ರಕಟಣೆ. ಪ್ರವಾದನೆಯ ಫಲ ಒಂದು ಕಾಣಿಕೆ. ಆತ್ಮದ ವರ ಬೇರೆ, ಸಭೆಯ ಸುದ್ದಿ ಬೇರೆ ಅಂತ ನಾವು ನಡುವೆ ಎಳೆದಿರೋ ಗೆರೆ ಸತ್ಯವೇದದಲ್ಲಿ ಇಲ್ಲ, ಪ್ರಿಯರೇ.

ಈಗ ಒಂದು ವಿಷಯ ಹೇಳ್ತೀನಿ. ಆ ಸಹೋದರನ ಅನುಮತಿ ಕೇಳಿಯೇ ಹೇಳ್ತಿದ್ದೇನೆ, ಅವನು ಇಲ್ಲೇ ಕೂತಿದ್ದಾನೆ. ಊರು ರಾಯಚೂರು ಕಡೆ. ಬೆಂಗಳೂರಿಗೆ ಬಂದು ಎರಡು ವರ್ಷ, ಪಿಜಿಯಲ್ಲಿ ವಾಸ. ಕಳೆದ ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಬಂತು. ರೂಮ್‌ಮೇಟ್ ಊರಿಗೆ ಹೋಗಿದ್ದ. ಇವನು ನಮ್ಮ ಯೂತ್ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿದ, ಜ್ವರ ಜಾಸ್ತಿ ಇದೆ, ಪ್ರಾರ್ಥಿಸಿ ಅಂತ. ಹತ್ತು ನಿಮಿಷದಲ್ಲಿ ಮೂವತ್ತಕ್ಕಿಂತ ಜಾಸ್ತಿ ಕೈಮುಗಿದ ಇಮೋಜಿ ಬಂದವು. ಮಲಗಿಕೊಂಡೇ ಎಣಿಸ್ತಾ ಇದ್ದನಂತೆ. ಆದರೆ ಅವತ್ತು ಅವನು ತಿಂದದ್ದು ಎರಡು ಬಿಸ್ಕತ್ತು. ನೀರಿನ ಕ್ಯಾನ್ ಕೆಳಗಿನ ಫ್ಲೋರ್‌ನಲ್ಲಿ, ಇಳಿಯೋಕೆ ಶಕ್ತಿ ಇಲ್ಲ.

ಮಾರನೇ ದಿನ ಒಂದು ಫೋನ್ ಬಂತು. ಮಾಡಿದವರು ಯೂತ್ ಅಲ್ಲ. ಇಸ್ತ್ರಿ ಅಂಗಡಿ ಇಟ್ಟುಕೊಂಡಿರೋ ನಮ್ಮ ಒಬ್ಬ ಅಣ್ಣ. ಅವರ ಮಗಳು ಗ್ರೂಪ್‌ನಲ್ಲಿ ಬಂದದ್ದನ್ನು ಓದಿ ಹೇಳಿದ್ದಳು. ಅವರು ಕೇಳಿದ್ದು ಎರಡೇ ಪ್ರಶ್ನೆ. “ತಮ್ಮಾ, ಯಾವ ಪಿಜಿ? ಎಷ್ಟನೇ ಫ್ಲೋರು?” ಒಂದು ಗಂಟೆಯಲ್ಲಿ ಅಕ್ಕ ಮಾಡಿಕೊಟ್ಟ ಗಂಜಿ ಡಬ್ಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದರು. ಪ್ಲೇಟ್‌ಲೆಟ್ ತುಂಬಾ ಇಳಿದಿತ್ತು. ಇನ್ನೊಂದು ದಿನ ತಡವಾಗಿದ್ರೆ ಕಷ್ಟ ಇತ್ತು ಅಂದರಂತೆ ಡಾಕ್ಟರು.

ಇಮೋಜಿ ಹಾಕಿದವರು ಪ್ರಾರ್ಥನೆ ಮಾಡಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಮಾಡಿರಬಹುದು. ಆ ಪ್ರಾರ್ಥನೆಗೆ ದೇವರು ಕಳಿಸಿದ ಉತ್ತರವೇ ಆ ಅಣ್ಣ ಅಂತ ನಂಬ್ತೀನಿ. ನನ್ನ ಪ್ರಶ್ನೆ ಇಷ್ಟೇ: ಉತ್ತರವಾಗಿ ಹೋಗೋಕೆ ಸಿದ್ಧ ಇದ್ದವರು ಎಷ್ಟು ಜನ? ಹಸಿದವನಿಗೆ ಬೆಚ್ಚಗಿರು, ಹೊಟ್ಟೆ ತುಂಬಿಸ್ಕೋ ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬನು ಎರಡನೇ ಅಧ್ಯಾಯದಲ್ಲಿ ಕೇಳ್ತಾನಲ್ಲ?

1 ಕೊರಿಂಥ 12ರಲ್ಲಿ ಪೌಲನು ಸಭೆಯನ್ನು ದೇಹಕ್ಕೆ ಹೋಲಿಸ್ತಾನೆ. ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವು. ವೆಲ್ಲೂರಿನ ಸಿಎಂಸಿಯಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಅಂತ ಒಬ್ಬ ವಿಶ್ವಾಸಿ ವೈದ್ಯರಿದ್ದರು, 1946ರಲ್ಲಿ ಬಂದವರು. ಕುಷ್ಠರೋಗಿಗಳ ಕೈಕಾಲು ತಾನಾಗಿ ಕೊಳೆತು ಉದುರುತ್ತೆ ಅಂತ ಜನ ನಂಬಿದ್ದ ಕಾಲ. ಅವರು ತೋರಿಸಿಕೊಟ್ಟದ್ದೇನು? ರೋಗದಿಂದ ನರಗಳು ಸತ್ತು ನೋವೇ ಗೊತ್ತಾಗೋದಿಲ್ಲ. ಬಿಸಿ ಪಾತ್ರೆ ಹಿಡಿದರೂ ತಿಳಿಯೋದಿಲ್ಲ, ಮೊಳೆ ಚುಚ್ಚಿದರೂ ನಡೀತಾನೇ ಇರ್ತಾರೆ. ಗಾಯ ದೊಡ್ಡದಾಗಿ, ಸೋಂಕು ಹತ್ತಿ, ಬೆರಳು ಹೋಗುತ್ತೆ.

ನೋವು ಅಂದರೆ ಅಂಗ ದೇಹಕ್ಕೆ ಕಳಿಸೋ ಸುದ್ದಿ. ಸುದ್ದಿ ಮುಟ್ಟದಿದ್ದರೆ ಅಂಗ ಉಳಿಯೋದಿಲ್ಲ. ಸಭೆಯಲ್ಲಿ ಹಾಡು ಜೋರಾಗಿರಬಹುದು, ಲೈಟು, ಸೌಂಡು ಎಲ್ಲ ಚೆನ್ನಾಗಿರಬಹುದು. ಆದರೆ ಮೂರನೇ ಸಾಲಿನವನ ಕೆಲಸ ಹೋಗಿ ಮೂರು ತಿಂಗಳಾದದ್ದು ನಾಲ್ಕನೇ ಸಾಲಿಗೆ ಗೊತ್ತಿಲ್ಲ ಅಂದರೆ, ಅದು ಜೋಮು ಹಿಡಿದ ದೇಹ.

ಕೆಲವರು ಮನಸ್ಸಲ್ಲೇ ಕೇಳ್ತಿದ್ದೀರಿ: ಬ್ರದರ್, ಹಾಗಾದ್ರೆ ಎಲ್ಲರ ವಿಷಯ ಎಲ್ಲರಿಗೂ ಹೇಳಬೇಕಾ? ಅದು ಚಾಡಿ ಆಗಲ್ವಾ? ಒಳ್ಳೆ ಪ್ರಶ್ನೆ. ಮನೆ ಮನೆ ತಿರುಗಿ ಹರಟೆ ಹೊಡೆಯೋದನ್ನು ಪೌಲನು 1 ತಿಮೊಥೆಯ 5ರಲ್ಲಿ ಖಂಡಿಸ್ತಾನೆ. ಪ್ರೇಯರ್ ಪಾಯಿಂಟ್ ಅನ್ನೋ ಹೆಸರಲ್ಲಿ ಎಷ್ಟು ಚಾಡಿ ಓಡಾಡುತ್ತೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ವ್ಯತ್ಯಾಸ ಹೀಗಿದೆ. ಆ ವ್ಯಕ್ತಿ ಒಪ್ಪಿದ್ದರೆ ಅದು ಸಮಾಚಾರ; ಅವರಿಗೆ ಗೊತ್ತಿಲ್ಲದೆ ಹೊರಟಿದ್ದರೆ ಚಾಡಿ. ಕೇಳಿದವನನ್ನು ಅವರ ಮನೆ ಬಾಗಿಲಿಗೆ ಕರ್ಕೊಂಡು ಹೋದರೆ ಸಮಾಚಾರ. ಇನ್ನೊಬ್ಬನ ಕಿವಿಗೆ ಮಾತ್ರ ಕರ್ಕೊಂಡು ಹೋದರೆ ಚಾಡಿ.

ಕಷ್ಟದಲ್ಲಿ ಇರೋವರಿಗೂ ಒಂದು ಮಾತು. ಯಾಕೋಬ 5:14ರ ಪ್ರಕಾರ ಸಭೆಯ ಹಿರಿಯರಿಗೆ ಯಾರು ಹೇಳಿಕಳಿಸಬೇಕು? ಅಸ್ವಸ್ಥನಾಗಿರೋವನೇ. ಹೇಳಿಕೊಂಡರೆ ನಂಬಿಕೆ ಕಡಿಮೆ ಅಂದುಕೊಳ್ತಾರೆ ಅಂತ ಬಾಯಿ ಮುಚ್ಕೊಂಡು ಕೂರಬೇಡಿ. ತಂಗಿ, ತಮ್ಮಾ, ಹೇಳೋದೂ ನಂಬಿಕೆಯೇ.

ಇನ್ನೊಂದು, ಕೆಟ್ಟ ಸುದ್ದಿಯನ್ನೂ ಮುಚ್ಚಿಡಬಾರದು. ಕೃತ್ಯಗಳು 6ರಲ್ಲಿ ಸಭೆಯೊಳಗೇ ಗುಣುಗುಟ್ಟುವಿಕೆ ಶುರುವಾಯಿತು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಬಿಟ್ಟುಬಿಡ್ತಿದ್ದಾರೆ ಅಂತ. ಸಭೆಗೆ ಕೆಟ್ಟ ಹೆಸರು ಬರುತ್ತೆ, ಸುಮ್ಮನಿರಿ ಅಂತ ಅಪೊಸ್ತಲರು ಹೇಳಲಿಲ್ಲ. ಎಲ್ಲರನ್ನೂ ಕರೆದರು, ಏಳು ಜನರನ್ನು ಆರಿಸಿ ಅಂದರು. ಆ ಏಳು ಜನರ ಹೆಸರೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರ ಕೈಗೇ ಹಂಚಿಕೆ ಕೊಟ್ಟ ಹಾಗೆ! ಅದಾದ ಮೇಲೆ ದೇವರ ವಾಕ್ಯ ಪ್ರಬಲವಾಯಿತು, ಶಿಷ್ಯರ ಸಂಖ್ಯೆ ಹೆಚ್ಚಿತು. ಅದಕ್ಕೇ ನಮ್ಮ ತಿಂಗಳ ಲೆಕ್ಕ ಓದುವಾಗಲೂ ಕಿವಿ ಕೊಡಿ, ಅರ್ಥ ಆಗದಿದ್ದರೆ ಕೇಳಿ. ಅದೂ ಆರಾಧನೆಯೇ.

ಕೊನೆಗೆ ಒಂದು ಕೆಲಸ. ಬಾಗಿಲ ಹತ್ತಿರದ ನೋಟಿಸ್ ಬೋರ್ಡಿನಲ್ಲಿ ಈ ವಾರದ ಆರು ಪ್ರಕಟಣೆ ಇವೆ. ಮಂಡಿ ಆಪರೇಷನ್ ಆಗಿರೋ ಆಂಟಿಗೆ ಮಂಗಳವಾರ, ಗುರುವಾರ ಫಿಸಿಯೋಥೆರಪಿಗೆ ಜೊತೆಗೆ ಹೋಗೋರು ಬೇಕು. ಸಂಡೇ ಸ್ಕೂಲಿಗೆ ಒಬ್ಬರು ಟೀಚರ್ ಬೇಕು. ಕೆಲಸ ಹುಡುಕ್ತಿರೋ ಇಬ್ಬರು, ಅವರೇ ಒಪ್ಪಿ ಹೆಸರು ಕೊಟ್ಟಿದ್ದಾರೆ. ನಿಮ್ಮ ಆಫೀಸಿನಲ್ಲಿ ರೆಫರಲ್ ಇದ್ದರೆ ಮಾತಾಡಿ. ಊರಿನಿಂದ ಹೊಸದಾಗಿ ಬಂದ ಒಂದು ಕುಟುಂಬಕ್ಕೆ ಮನೆ ಬೇಕು. ಒಬ್ಬ ತಾತನಿಗೆ ಓದೋಕೆ ಕಣ್ಣು ಕಾಣಲ್ಲ, ವಾರಕ್ಕೊಮ್ಮೆ ಹೋಗಿ ಸತ್ಯವೇದ ಓದಿ ಹೇಳಬೇಕು. ಶನಿವಾರ ಹಾಲ್ ಗುಡಿಸಿ ಒರೆಸೋಕೆ ಮೂವರು ಬೇಕು. ಆರನ್ನೂ ನೀವೊಬ್ಬರೇ ಹೊರಬೇಕಿಲ್ಲ. ಒಂದು ತಗೊಳ್ಳಿ. ಹೆಸರು ಬರೆದು, ಪಕ್ಕದಲ್ಲಿ ಫೋನ್ ನಂಬರ್ ಹಾಕಿ. ಮುಂದಿನ ಭಾನುವಾರ ಆ ಸಮಾಚಾರ ನೀವೇ ಬಂದು ಹೇಳಿ, ಏನಾಯ್ತು ಅಂತ. ಅದೇ ನಿಮ್ಮ ಸಾಕ್ಷಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ನಮ್ಮ ತಲೆಗೂದಲನ್ನು ಎಣಿಸಿರುವ ದೇವರು ನೀವು. ನಮ್ಮ ಸುದ್ದಿ ನಿಮಗೆ ಎಂದೂ ಹಳೆಯದಾಗಲಿಲ್ಲ. ನಮ್ಮ ಜೋಮು ಬಿಡಿಸಿರಿ, ಕರ್ತನೇ. ಪಕ್ಕದವರ ನೋವು ನಮಗೆ ಮುಟ್ಟಲಿ. ಹೇಳಿಕೊಳ್ಳೋಕೆ ನಾಚಿಕೆಪಡುತ್ತಾ ಇಲ್ಲಿ ನಿಂತಿರುವ ಒಬ್ಬೊಬ್ಬರಿಗೂ ಇವತ್ತೇ ಬಾಯಿ ತೆರೆಯುವ ಧೈರ್ಯ ಕೊಡಿರಿ. ಕೇಳಿಸಿಕೊಂಡವರ ಕಾಲಿಗೆ ಬಲ ಕೊಡಿರಿ. ತುಖಿಕನ ಹಾಗೆ ಹೃದಯಗಳಿಗೆ ಧೈರ್ಯ ಹೊತ್ತು ಹೋಗುವ ಸಭೆಯಾಗಿ ನಮ್ಮನ್ನು ಮಾಡಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.