ನಾವೂ ಯಾರಿಗೋ ‘ಲೋಕಲ್ಸ್’

ಪ್ರವಾಸದ ರಿವ್ಯೂಗಳಲ್ಲಿ ಒಂದು ಸಾಲು ಖಾಯಂ: ‘ಲೋಕಲ್ಸ್ ತುಂಬಾ ಫ್ರೆಂಡ್ಲಿ’. ರೂಮು ಕ್ಲೀನಾಗಿದೆ, ವೈಫೈ ಸುಮಾರು, ಲೋಕಲ್ಸ್ ಫ್ರೆಂಡ್ಲಿ. ನಾನೂ ಹಾಗೆ ಬರೆದವನೇ. ಜನರ ಒಳ್ಳೆಯತನವನ್ನ ಬಿಸಿನೀರಿನ ಥರ ಒಂದು ಸೌಲಭ್ಯ ಅಂದುಕೊಂಡು ಐದು ಸ್ಟಾರ್ ಕೊಟ್ಟವನು. ಅದನ್ನ ಬಿಟ್ಟಿದ್ದು ಮಾಜುಲಿಯಿಂದ ಬಂದ ಮೇಲೆ.

ಮಾಜುಲಿ ಅಸ್ಸಾಮಿನಲ್ಲಿ, ಬ್ರಹ್ಮಪುತ್ರ ನದಿಯ ನಡುವೆ ಇರುವ ದ್ವೀಪ. ಒಂದು ಕಂಪನಿ ಬಿಟ್ಟು ಇನ್ನೊಂದು ಸೇರುವ ನಡುವೆ ಹತ್ತು ದಿನ ಸಿಕ್ಕಿತ್ತು. ಡಿಸೆಂಬರ್ ತಿಂಗಳು. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಒಬ್ಬನೇ ಹೊರಟೆ. ಜೋರ್ಹಾಟ್ ಹತ್ತಿರದ ನಿಮಾತಿ ಘಾಟ್‌ನಲ್ಲಿ ಬೈಕು, ಕಾರು, ಮೂಟೆ, ಜನ ಎಲ್ಲವನ್ನೂ ತುಂಬಿಕೊಂಡ ಫೆರಿ ಹತ್ತಿ ಆ ಕಡೆ ಇಳಿದೆ.

ಎರಡನೇ ದಿನ ಬಾಡಿಗೆ ಸೈಕಲ್ ಪಂಕ್ಚರ್ ಆಯ್ತು. ಆ ಕಡೆ ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡ್ತಾನೆ. ನನ್ನ ರೂಮು ಇನ್ನೂ ಎಂಟು ಕಿಲೋಮೀಟರ್ ದೂರ. ಕತ್ತಲಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನನ್ನ ಒಬ್ಬ ಹೆಂಗಸು ಕೂಗಿ ಕರೆದರು. ಮಿಸಿಂಗ್ ಜನರ ಮನೆ ಅದು. ಪ್ರವಾಹಕ್ಕೆ ಹೆದರಿ ಕಂಬಗಳ ಮೇಲೆ ಕಟ್ಟಿದ ಬಿದಿರಿನ ಮನೆ, ಕೆಳಗೆ ಮಗ್ಗ, ಕೋಳಿ. ಏಣಿ ಹತ್ತಿ ಒಳಗೆ ಹೋದರೆ ನಟ್ಟನಡುವೆ ಒಲೆ. ಅನ್ನ, ಸುಟ್ಟ ಮೀನು, ಸೊಪ್ಪು. ಅವರದೂ ನನ್ನದೂ ಹರಕು ಹಿಂದಿ. ಏನಂತ ಕರೆಯೋದು ಗೊತ್ತಾಗದೆ ‘ಅಮ್ಮ’ ಅಂದೆ. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಬೆಳಿಗ್ಗೆ ಹೊರಡುವಾಗ ಸಾವಿರ ರೂಪಾಯಿ ಕೊಡಲು ಹೋದೆ. ಸಿಟ್ಟಾಗಲಿಲ್ಲ, ನಕ್ಕುಬಿಟ್ಟರು. ಬದಲಿಗೆ ಒಂದು ಫೋನ್ ನಂಬರ್ ಬರೆಸಿದರು. ಮಗನದು. ನಾಲ್ಕು ವರ್ಷದಿಂದ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಗಾರ್ಡ್. ಇವರ ಗದ್ದೆ ನದಿ ಪಾಲಾದ ಮೇಲೆ ಹೋದನಂತೆ. ಅದು ಅವರೊಬ್ಬರ ಕಥೆಯಲ್ಲ. 1950ರ ಭೂಕಂಪದ ನಂತರ ನದಿಯ ತಳವೇ ಮೇಲೆ ಬಂದು ಕೊರೆತ ಜೋರಾಯ್ತು. ನೂರು ವರ್ಷದ ಹಿಂದಿದ್ದ ಮಾಜುಲಿಯಲ್ಲಿ ಈಗ ಉಳಿದಿರೋದು ಅರ್ಧಕ್ಕಿಂತ ಕಡಿಮೆ.

ಆಮೇಲೆ ಕೇಳಿದರು: “ನಿಮ್ಮೂರಿನ ಜನ ಒಳ್ಳೆಯವರಾ?”

ಫ್ಲೈಟ್ ಬುಕ್ ಮಾಡೋಕೆ ಮುಂಚೆ ಮಾಜುಲಿ ಬಗ್ಗೆ ನಾನು ಹುಡುಕಿದ್ದು ಇದೇ ಪ್ರಶ್ನೆ. ಅವರು ಸುಮ್ಮನೆ ಕೇಳಿರಲಿಲ್ಲ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರಲ್ಲ, ಅದರಲ್ಲಿ ಈಕೆಯ ತಮ್ಮನೂ ಇದ್ದ. ನಾನಾಗ ಫ್ರೆಶರ್. ಪಿಜಿಯ ಟಿವಿಯಲ್ಲಿ ರೈಲ್ವೆ ಸ್ಟೇಷನ್ನಿನ ನೂಕುನುಗ್ಗಲು ನೋಡಿ, ‘ಛೆ’ ಅಂದು, ಮಲಗಿದ್ದೆ.

“ಹೂಂ, ಒಳ್ಳೆಯವರು” ಅಂದೆ. ಬಾಯಿಗೆ ಬಂದಿದ್ದು ಅದೇ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಎರಡು ವರ್ಷದಿಂದ ನನಗೆ ಸೆಲ್ಯೂಟ್ ಹೊಡೆಯುತ್ತಿದ್ದ ಹುಡುಗನ ಹೆಸರು ನೆನಪಿಸಿಕೊಳ್ಳಲು ನೋಡಿದೆ. ಗೊತ್ತಿದ್ದರೆ ತಾನೇ ನೆನಪಾಗೋದು?

ಸಿಟಿಗೆ ಬಂದು ಹಾಳಾದೆ, ಹಳ್ಳಿಯಲ್ಲಿದ್ದಾಗ ಹೀಗಿರಲಿಲ್ಲ ಅಂತ ಹೇಳಿಬಿಡೋದು ಸುಲಭ. ಅರಕಲಗೂಡು ಕಡೆಯ ನಮ್ಮೂರಿನಲ್ಲಿ ಕಂಬಳಿ ಮಾರುವವನು ಬಂದರೆ ನಮ್ಮ ಜಗಲಿ ಮೇಲೆಯೇ ಮಲಗುತ್ತಿದ್ದ, ಅವ್ವ ಮುದ್ದೆ ಸಾರು ಬಡಿಸುತ್ತಿದ್ದಳು. ನಿಜ. ಆದರೆ ಎಲ್ಲರಿಗೂ ಒಂದೇ ತಟ್ಟೆಯಲ್ಲಿ ಬಡಿಸುತ್ತಿರಲಿಲ್ಲ, ಕೆಲವರಿಗೆ ಜಗಲಿಯೂ ಇರಲಿಲ್ಲ. ನಮ್ಮ ಆತಿಥ್ಯ ಜಾತಿ ಕೇಳಿಕೊಂಡೇ ಬಾಗಿಲು ತೆಗೆಯುತ್ತಿತ್ತು. ಈಗ ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸದವರಿಗೆ, ಗಾರ್ಡ್‌ಗಳಿಗೆ ಬೇರೆ ಲಿಫ್ಟ್. ಜಗಲಿ ಹೋಯ್ತು, ಗೆರೆ ಹೋಗಲಿಲ್ಲ.

ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲಿ ಬರೆದ ಶಾಶ್ವತ ಶಾಂತಿಯ ಪುಸ್ತಕದಲ್ಲಿ ಆತಿಥ್ಯ ಅನ್ನೋದು ದಯೆಯ ಮಾತಲ್ಲ, ಹಕ್ಕಿನ ಮಾತು ಅನ್ನುತ್ತಾನೆ. ಭೂಮಿ ಗುಂಡಗಿದೆ, ಜನ ಎಷ್ಟಂತ ದೂರ ದೂರ ಹೋಗಲಾದೀತು? ಒಬ್ಬರನ್ನೊಬ್ಬರು ಸಹಿಸಿಕೊಳ್ಳಲೇಬೇಕು. ಆದರೆ ಅವನು ಕೊಡುವ ಹಕ್ಕು ಚಿಕ್ಕದು: ಬಂದವನನ್ನ ಶತ್ರುವಿನಂತೆ ಕಾಣಬಾರದು, ಅಷ್ಟೇ. ಊಟ ಹಾಕಿ, ಹಾಸಿಗೆ ಕೊಡಿ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ.

ಲೆಕ್ಕ ಹಾಕಿ ನೋಡಿದೆ. ಆಕೆ ನನಗೆ ಕೊಟ್ಟಿದ್ದು ಯಾವ ಹಕ್ಕಿನಿಂದಲೂ ನಾನು ಕೇಳಲಾಗದ್ದು. ನನ್ನ ಊರು ಆಕೆಯ ತಮ್ಮನಿಗೆ ಆ ಚಿಕ್ಕ ಹಕ್ಕಿನ ಧೈರ್ಯವನ್ನೂ ಕೊಡಲಿಲ್ಲ. ಈ ಸಾಲವನ್ನ ಸಾವಿರ ರೂಪಾಯಿಯಲ್ಲಿ ತೀರಿಸಲು ಹೊರಟಿದ್ದೆನಲ್ಲ! ದುಡ್ಡು ಕೊಟ್ಟಿದ್ದರೆ ಅಲ್ಲಿಗೆ ಮುಗೀತಿತ್ತು. ನನಗೆ ಬೇಕಾಗಿದ್ದೂ ಅದೇ ಇರಬೇಕು. ಕೊಟ್ಟವರಿಗೇ ವಾಪಸ್ ಕೊಡಲಾಗದ ಸಾಲಗಳಿರುತ್ತವೆ. ಅವನ್ನ ಮುಂದಿನವರಿಗೆ ದಾಟಿಸಬೇಕು ಅಷ್ಟೆ.

ಬಂದ ಮೇಲೆ ಆ ನಂಬರ್‌ಗೆ ಫೋನ್ ಮಾಡಿದೆ. ಒಂದೇ ವಾರಕ್ಕಲ್ಲ, ಒಂದು ತಿಂಗಳು ಮುಂದೆ ಹಾಕಿಕೊಂಡು ಬಂದು. ದಿನಕ್ಕೆ ಹನ್ನೆರಡು ಗಂಟೆ ಡ್ಯೂಟಿ, ರಜೆ ಹೊಂದಿಸಿಕೊಂಡು ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದ. ನಮ್ಮ ಗೇಟಿನಿಂದ ಇಂಟರ್‌ಕಾಮ್ ಬಂತು: “ಸಾರ್, ಯಾರೋ ಬಂದಿದ್ದಾರೆ. ಡೆಲಿವರಿನಾ?”

“ಅಲ್ಲಪ್ಪ, ನೆಂಟರು” ಅಂದೆ. ಕನ್ನಡದಲ್ಲಿ ಎಂಥಾ ಒಳ್ಳೆಯ ಪದ ನೋಡಿ, ಮನೆಗೆ ಬಂದವರಿಗೂ ಅದೇ, ಸಂಬಂಧಿಕರಿಗೂ ಅದೇ. ಆಮೇಲೆ ಇಂಟರ್‌ಕಾಮ್ ಇಡುವ ಮುಂಚೆ, ಎರಡು ವರ್ಷ ತಡವಾಗಿ, “ಅಂದಹಾಗೆ, ನಿನ್ನ ಹೆಸರೇನು?” ಅಂತ ಕೇಳಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಗಾಬರಿಯ ದನಿ: “ಯಾಕ್ ಸಾರ್, ಏನಾದರೂ ತಪ್ಪಾಯ್ತಾ?”

ಹೆಸರು ಕೇಳಿದರೇ ಒಬ್ಬ ಮನುಷ್ಯ ಹೆದರುವ ಹಾಗೆ ಮಾಡಿಟ್ಟಿರುವ ಲೋಕಲ್ಸ್ ನಾವು. ಆ ಅಮ್ಮನಿಗೆ ನಾನು ಕೊಟ್ಟ ಉತ್ತರ ಇನ್ನೂ ನಿಜವಾಗಿಲ್ಲ.